ಮನೆ ಸಾಲ ಬೇರೆ ಬ್ಯಾಂಕಿಗೆ ವರ್ಗಾಯಿಸುವಾಗ ಕೇಳುವ ಶೇ 4ರ ಶುಲ್ಕ: ಕಟ್ಟುವ ಮುನ್ನ ಲಿಖಿತ ಆಧಾರ ಕೇಳಿ

ಖಾಸಗಿ ಹೌಸಿಂಗ್ ಫೈನಾನ್ಸ್ ಕಂಪನಿಯಿಂದ ಮನೆ ಸಾಲ ಪಡೆದು, ಈಗ ಬಡ್ಡಿ ಕಡಿಮೆ ಇರುವ ಬ್ಯಾಂಕಿಗೆ ಅದನ್ನು ವರ್ಗಾಯಿಸಲು ಹೊರಟಿರುವ ತುಮಕೂರಿನವರು ಇದನ್ನು ಓದಿಕೊಂಡು ಮುಂದುವರಿಯಬೇಕೆಂದು ಕೋರುತ್ತೇನೆ. ನನ್ನ ಸಾಲದ ಬಾಕಿ ಅಸಲು 18,60,000 ರೂಪಾಯಿ ಇತ್ತು. ಸಾಲ ಮುಗಿಸಲು ಕಂಪನಿ ಕೊಟ್ಟ ಲೆಕ್ಕದ ಪಟ್ಟಿಯಲ್ಲಿ ಅಸಲು ಮತ್ತು ಅಂದಿನವರೆಗಿನ ಬಡ್ಡಿಯ ಕೆಳಗೆ ‘ಫೋರ್‌ಕ್ಲೋಷರ್ ಚಾರ್ಜ್ ಶೇ 4’ (ಅವಧಿಗೆ ಮುನ್ನ ಸಾಲ ತೀರಿಸುವುದಕ್ಕೆ ಹಾಕುವ ಶುಲ್ಕ) ಎಂದು 74,400 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ ಎಂದು 13,392 ರೂಪಾಯಿ, ಒಟ್ಟು 87,792 ರೂಪಾಯಿಯನ್ನು ಸೇರಿಸಲಾಗಿತ್ತು. ಈ ಹಣವನ್ನು ನನ್ನಿಂದ ಕೇಳುವ ಅಧಿಕಾರ ಕಂಪನಿಗೆ ಇರಲಿಲ್ಲ. ಆದರೂ ಶಾಖೆಯಲ್ಲಿದ್ದವರು ಅದನ್ನು ವಿದ್ಯುತ್ ಬಿಲ್ಲಿನಷ್ಟೇ ಸಹಜವಾಗಿ ನನ್ನ ಮುಂದಿಟ್ಟರು.

ಸಾಲ ಪಡೆದದ್ದು 2021ರಲ್ಲಿ, ಬಟವಾಡಿಯ ಕಡೆ ಕಟ್ಟಿದ ಮನೆಗಾಗಿ. ನಿವೇಶನದ ಖಾತೆಯ ಕೆಲಸ ಆಗಿನ್ನೂ ಪೂರ್ಣಗೊಂಡಿರಲಿಲ್ಲವಾದ್ದರಿಂದ ಸರ್ಕಾರಿ ಬ್ಯಾಂಕುಗಳು ಒಪ್ಪಲಿಲ್ಲ, ಬಿ.ಎಚ್. ರಸ್ತೆಯಲ್ಲಿ ಕಚೇರಿ ಇರುವ ಈ ಕಂಪನಿ ಒಪ್ಪಿತು. ನಗರದ ಅಂಚಿನ ಬಡಾವಣೆಗಳಲ್ಲಿ ಮನೆ ಕಟ್ಟಿಸಿದ ಎಷ್ಟೋ ಜನರ ಕಥೆ ಇದೇ ಆಗಿರುವುದರಿಂದ, ಹೆಚ್ಚಿನ ಬಡ್ಡಿಗೆ ಸಾಲ ಪಡೆದವರನ್ನು ನಾನು ದೂಷಿಸುವುದಿಲ್ಲ. 2025ರ ಫೆಬ್ರವರಿ, ಏಪ್ರಿಲ್ ಮತ್ತು ಜೂನ್ ತಿಂಗಳುಗಳಲ್ಲಿ ರಿಸರ್ವ್ ಬ್ಯಾಂಕ್, ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರವನ್ನು ಶೇ 6.50ರಿಂದ ಶೇ 5.50ಕ್ಕೆ ಇಳಿಸಿತು. ಬ್ಯಾಂಕುಗಳು 2019ರ ಅಕ್ಟೋಬರ್ 1ರಿಂದ ಹೊಸ ಫ್ಲೋಟಿಂಗ್ (ಬಡ್ಡಿ ಕಾಲಕಾಲಕ್ಕೆ ಬದಲಾಗುವ) ಗೃಹಸಾಲಗಳನ್ನು ರೆಪೊದಂತಹ ಹೊರಗಿನ ದರಕ್ಕೆ ಜೋಡಿಸಲೇಬೇಕಾದ್ದರಿಂದ ಅಲ್ಲಿನ ಸಾಲಗಾರರ ಬಡ್ಡಿ ತಾನಾಗಿಯೇ ಇಳಿಯಿತು. ಆ ನಿಯಮ ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಅನ್ವಯಿಸುವುದಿಲ್ಲ. ಅವು ತಮ್ಮದೇ ಆಂತರಿಕ ದರವನ್ನು ಇಟ್ಟುಕೊಂಡಿರುತ್ತವೆ, ಮತ್ತು ಆ ದರ ಏರುವಾಗ ತೋರುವ ಚುರುಕನ್ನು ಇಳಿಯುವಾಗ ತೋರುವುದಿಲ್ಲ. ನನ್ನದೂ ಫ್ಲೋಟಿಂಗ್ ಸಾಲವೇ ಆಗಿದ್ದರೂ ಬಡ್ಡಿ ಶೇ 11.60ರಲ್ಲೇ ನಿಂತಿತ್ತು. ಅಷ್ಟರಲ್ಲಿ ಖಾತೆಯೂ ಸರಿಯಾಗಿದ್ದರಿಂದ, ಸರ್ಕಾರಿ ಬ್ಯಾಂಕೊಂದು ಶೇ 8.10ಕ್ಕೆ ಸಾಲವನ್ನು ಟೇಕ್‌ಓವರ್ ಮಾಡಿಕೊಳ್ಳಲು ಮಂಜೂರಾತಿ ಪತ್ರ ನೀಡಿತು.

ತೊಂದರೆ ಆರಂಭವಾದದ್ದು ಇಲ್ಲಿಂದ. ಹೊಸ ಬ್ಯಾಂಕಿನವರು ಹಳೆಯ ಕಂಪನಿಯಿಂದ ಎರಡು ಪತ್ರ ತರಲು ಹೇಳುತ್ತಾರೆ: ಬಾಕಿ ಎಷ್ಟೆಂದು ತಿಳಿಸುವ ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್ ಮತ್ತು ಕಂಪನಿಯ ವಶದಲ್ಲಿರುವ ಮೂಲ ದಾಖಲೆಗಳ ಪಟ್ಟಿ. ಕಂಪನಿಯ ಶಾಖೆಯಲ್ಲಿ ಮೊದಲು ಬಡ್ಡಿ ಇಳಿಸುವ ಆಸೆ ತೋರಿಸಿದರು, ಅದಕ್ಕೂ ಒಂದು ಪರಿವರ್ತನಾ ಶುಲ್ಕವಿತ್ತು. ಆಮೇಲೆ ಸಹಿ ಹಾಕುವವರು ಬೆಂಗಳೂರಿನಲ್ಲಿದ್ದಾರೆ ಎಂದರು. ಕೊನೆಗೆ ಪಟ್ಟಿ ಬರುವ ಹೊತ್ತಿಗೆ ಮುಂದಿನ ತಿಂಗಳ ಕಂತು ಕಡಿತವಾಗಿತ್ತು. ಬಡ್ಡಿ ದರದಲ್ಲಿ ಶೇ 3.5ರಷ್ಟು ಅಂತರವಿರುವಾಗ ನನ್ನ ಮಟ್ಟಿಗೆ ಪ್ರತಿ ತಿಂಗಳ ವಿಳಂಬವೂ ಐದು ಸಾವಿರ ರೂಪಾಯಿಗೂ ಮೀರಿದ ನಷ್ಟವೇ. ಮಂಜೂರಾತಿ ಪತ್ರಕ್ಕೆ ಒಂದು ಅವಧಿ, ಲೆಕ್ಕದ ಪಟ್ಟಿಗೆ ಇನ್ನೊಂದು ಅವಧಿ ಇರುವುದರಿಂದ ಸಾಲಗಾರ ಆತುರದಲ್ಲಿರುತ್ತಾನೆ ಎಂಬುದು ಕಂಪನಿಗೆ ಚೆನ್ನಾಗಿ ಗೊತ್ತು. ಶುಲ್ಕ ವಸೂಲಾಗುವುದು ಈ ಆತುರದ ಬಲದಿಂದಲೇ ಹೊರತು ನಿಯಮದ ಬಲದಿಂದಲ್ಲ.

ಶುಲ್ಕವನ್ನು ಪ್ರಶ್ನಿಸಿದಾಗ ಸಿಕ್ಕ ಮೊದಲ ಉತ್ತರ, ‘ನಿಮ್ಮ ಸ್ವಂತ ಹಣದಿಂದ ತೀರಿಸಿದರೆ ಶುಲ್ಕವಿಲ್ಲ, ಬೇರೆ ಬ್ಯಾಂಕಿನ ಹಣದಿಂದ ತೀರಿಸಿದರೆ ಇದೆ’ ಎಂಬುದು. ಸ್ವಂತ ಹಣ, ಸಾಲದ ಹಣ ಎಂಬ ಈ ಭೇದ ಸ್ಥಿರ ಬಡ್ಡಿಯ ಗೃಹಸಾಲಕ್ಕೆ ಮಾತ್ರ ಸಂಬಂಧಿಸಿದ್ದು. ಫ್ಲೋಟಿಂಗ್ ಬಡ್ಡಿಯ ಗೃಹಸಾಲವನ್ನು ಯಾವ ಮೂಲದ ಹಣದಿಂದ ತೀರಿಸಿದರೂ ದಂಡ ವಿಧಿಸಬಾರದೆಂದು, ಹೌಸಿಂಗ್ ಫೈನಾನ್ಸ್ ಕಂಪನಿಗಳನ್ನು ಆಗ ನಿಯಂತ್ರಿಸುತ್ತಿದ್ದ ನ್ಯಾಷನಲ್ ಹೌಸಿಂಗ್ ಬ್ಯಾಂಕ್ 2011ರ ಅಕ್ಟೋಬರಿನಲ್ಲೇ ಈ ಕಂಪನಿಗಳಿಗೆ ಆದೇಶಿಸಿತ್ತು, ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಅದೇ ಮಾತನ್ನು 2012ರ ಜೂನ್‌ನಲ್ಲಿ ಹೇಳಿತು. ಶಾಖೆಯ ಹೊರಗೆ ಸಿಕ್ಕ ಮಧ್ಯವರ್ತಿಯೊಬ್ಬರು, ಕೆಲವು ದಿನಗಳ ಮಟ್ಟಿಗೆ ಕೈಸಾಲ ಕೊಡಿಸುತ್ತೇನೆ, ಸ್ವಂತ ಹಣವೆಂದು ತೋರಿಸಿ ತೀರಿಸಿಬಿಡಿ ಎಂದು ಸಲಹೆ ನೀಡಿದರು. ಆ ಕೈಸಾಲದ ಬಡ್ಡಿಯನ್ನು ಕೇಳಿದ ಮೇಲೆ ಕಂಪನಿಯೇ ವಾಸಿ ಎನಿಸಿತು.

ಎರಡನೆಯ ಉತ್ತರ ನನ್ನ ಪತ್ನಿಯ ಹೆಸರಿನದು. ಆಕೆ ಸಹ-ಸಾಲಗಾರ್ತಿ, ಹೊಲಿಗೆ ಅಂಗಡಿ ನಡೆಸುತ್ತಾಳೆ. ಆದ್ದರಿಂದ ಇದು ವ್ಯಾಪಾರದ ಸಾಲ ಎಂಬ ವರ್ಗಕ್ಕೆ ಸೇರುತ್ತದೆ ಎಂದರು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗಾಗಿ ರಿಸರ್ವ್ ಬ್ಯಾಂಕ್ 2021ರ ಫೆಬ್ರವರಿ 17ರಂದು ಹೊರಡಿಸಿದ ನಿರ್ದೇಶನದಲ್ಲಿ ಇದಕ್ಕೆ ನೇರ ಉತ್ತರವಿತ್ತು: ವ್ಯಾಪಾರವಲ್ಲದ ಉದ್ದೇಶಕ್ಕಾಗಿ ವ್ಯಕ್ತಿಗಳಿಗೆ ನೀಡಿದ ಫ್ಲೋಟಿಂಗ್ ಬಡ್ಡಿಯ ಅವಧಿ ಸಾಲಕ್ಕೆ, ಸಹ-ಸಾಲಗಾರರು ಇರಲಿ ಇಲ್ಲದಿರಲಿ, ಇಂತಹ ಶುಲ್ಕ ವಿಧಿಸುವಂತಿಲ್ಲ. ಇಲ್ಲಿ ನೋಡಬೇಕಾದದ್ದು ಸಾಲದ ಉದ್ದೇಶವೇ ಹೊರತು ಸಾಲಗಾರರ ಕಸುಬಲ್ಲ, ಮತ್ತು ನನ್ನ ಮಂಜೂರಾತಿ ಪತ್ರದಲ್ಲಿ ‘ವಾಸದ ಮನೆ ನಿರ್ಮಾಣ’ ಎಂದೇ ಬರೆದಿತ್ತು.

ಮೂರನೆಯ ಉತ್ತರ ಎಲ್ಲಕ್ಕಿಂತ ಜಾಣತನದ್ದು, ಮುಂದಿನ ದಿನಗಳಲ್ಲಿ ಹಲವರಿಗೆ ಇದೇ ಉತ್ತರ ಸಿಗಲಿದೆಯೆಂದು ನನ್ನ ಅನುಮಾನ. ಮುಂಗಡ ಮರುಪಾವತಿ ಶುಲ್ಕದ ಬಗ್ಗೆ ರಿಸರ್ವ್ ಬ್ಯಾಂಕ್ 2025ರ ಜುಲೈ 2ರಂದು ಹೊಸ ನಿರ್ದೇಶನ ಪ್ರಕಟಿಸಿತು. ಅದು 2026ರ ಜನವರಿ 1ರಂದು ಅಥವಾ ಅನಂತರ ಮಂಜೂರಾದ ಇಲ್ಲವೇ ನವೀಕರಣಗೊಂಡ ಸಾಲಗಳಿಗೆ ಅನ್ವಯಿಸುತ್ತದೆ. ಅಧಿಕಾರಿ ಆ ಸುದ್ದಿಯ ಪ್ರತಿಯನ್ನೇ ನನಗೆ ತೋರಿಸಿ, ‘ನೋಡಿ ಸಾರ್, ಶುಲ್ಕ ರದ್ದಾಗುವುದು ಜನವರಿಯಿಂದ, ನಿಮ್ಮದು ಹಳೆಯ ಸಾಲ’ ಎಂದರು. ಕೇಳಿದವರಿಗೆ ನಿಜವೆನಿಸುವ ಮಾತು ಇದು. ಆದರೆ ಹೊಸ ನಿರ್ದೇಶನ ತಂದಿರುವ ಮುಖ್ಯ ಬದಲಾವಣೆ, ವ್ಯಕ್ತಿಗಳು ಮತ್ತು ಸಣ್ಣ ಉದ್ದಿಮೆಗಳು ವ್ಯಾಪಾರಕ್ಕಾಗಿ ಪಡೆದ ಫ್ಲೋಟಿಂಗ್ ಸಾಲಗಳಿಗೂ, ಸಾಲ ನೀಡಿದ ಸಂಸ್ಥೆಯ ಬಗೆಯನ್ನು ಅನುಸರಿಸಿ, ರಕ್ಷಣೆಯನ್ನು ವಿಸ್ತರಿಸಿದ್ದು. ವಾಸದ ಮನೆಯ ಫ್ಲೋಟಿಂಗ್ ಸಾಲಕ್ಕೆ ಆ ರಕ್ಷಣೆ ವರ್ಷಗಳ ಹಿಂದಿನಿಂದಲೂ ಇದೆ. ಹೊಸ ನಿಯಮದ ದಿನಾಂಕವನ್ನು ತೋರಿಸಿ ಹಳೆಯ ನಿಯಮವೇ ಇರಲಿಲ್ಲವೆಂಬಂತೆ ಮಾತನಾಡುವುದನ್ನು ಅಜ್ಞಾನವೆಂದು ಕ್ಷಮಿಸಲು ನನ್ನ ಮನಸ್ಸು ಒಪ್ಪುತ್ತಿಲ್ಲ.

ನಾನು ಶಾಖೆಯಲ್ಲಿ ವಾದಿಸುವುದನ್ನು ಬಿಟ್ಟು ಒಂದು ಪುಟದ ಪತ್ರ ಬರೆದೆ. ಸಾಲದ ಖಾತೆ ಸಂಖ್ಯೆ, ಮಂಜೂರಾತಿ ಪತ್ರದಲ್ಲಿ ‘ಫ್ಲೋಟಿಂಗ್’ ಎಂದಿರುವ ಸಾಲು, 2021ರ ನಿರ್ದೇಶನದ ಉಲ್ಲೇಖ, ಇವನ್ನು ನಮೂದಿಸಿ, ಯಾವ ಕರಾರಿನ ಯಾವ ಷರತ್ತಿನಡಿ ಮತ್ತು ರಿಸರ್ವ್ ಬ್ಯಾಂಕಿನ ಯಾವ ನಿಯಮದಡಿ ಈ 87,792 ರೂಪಾಯಿಯನ್ನು ಕೇಳಲಾಗಿದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರಿದೆ. ಶಾಖೆಗೆ ಕೊಟ್ಟ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ಇನ್ನೊಂದು ಪ್ರತಿಯನ್ನು ಕಂಪನಿಯ ಕುಂದುಕೊರತೆ ನಿವಾರಣಾಧಿಕಾರಿಗೆ ಇಮೇಲ್ ಮಾಡಿದೆ. ಅವರ ಹೆಸರು ಮತ್ತು ವಿಳಾಸವನ್ನು ಪ್ರತಿ ಶಾಖೆಯಲ್ಲೂ ಪ್ರದರ್ಶಿಸಬೇಕೆಂಬ ನಿಯಮವಿದೆ. ನನ್ನ ಶಾಖೆಯಲ್ಲಿ ಆ ಫಲಕ ಕ್ಯಾಲೆಂಡರಿನ ಹಿಂದೆ ಇತ್ತು. ಬಾಯಲ್ಲಿ ಮೂರು ಕಾರಣ ಹೇಳಿದ್ದ ಕಂಪನಿ ಕಾಗದದ ಮೇಲೆ ಒಂದನ್ನೂ ಬರೆಯಲಿಲ್ಲ. ತಿಂಗಳು ಕಳೆದರೂ ಉತ್ತರ ಬಾರದಿದ್ದಾಗ ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ‘ಗ್ರಿಡ್ಸ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ದೂರು ದಾಖಲಿಸಿದೆ. ಆಮೇಲಷ್ಟೇ ‘ಗ್ರಾಹಕ ಸ್ನೇಹಿ ಕ್ರಮವಾಗಿ ಶುಲ್ಕವನ್ನು ಮನ್ನಾ ಮಾಡಲಾಗಿದೆ’ ಎಂಬ ಸಾಲಿನೊಂದಿಗೆ ಪರಿಷ್ಕೃತ ಪಟ್ಟಿ ಬಂದಿತು. ಕೇಳಬಾರದ ಹಣವನ್ನು ಬಿಟ್ಟುಕೊಡುವುದನ್ನು ಮನ್ನಾ ಎಂದು ಕರೆಯುವುದು ವಿಚಿತ್ರವೇ ಸರಿ.

ಸಾಲ ಕೊಟ್ಟದ್ದು ಬ್ಯಾಂಕಾಗಿದ್ದರೆ ದೂರಿನ ದಾರಿ ಬೇರೆ: ಮೊದಲು ಬ್ಯಾಂಕಿಗೆ ಬರೆದು, 30 ದಿನಗಳಲ್ಲಿ ಸಮಾಧಾನಕರ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಈಗಾಗಲೇ ಶುಲ್ಕ ಕಟ್ಟಿರುವವರು ರಸೀದಿಯನ್ನು ಕಾಪಾಡಿಕೊಳ್ಳಿ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಕಾಲಮಿತಿಯಿದೆ, ಮತ್ತು 2019ರ ಕಾಯ್ದೆಯ ಪ್ರಕಾರ ಕಂಪನಿಯ ಕೇಂದ್ರ ಕಚೇರಿ ಎಲ್ಲೇ ಇದ್ದರೂ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು.

ಎಲ್ಲ ಶುಲ್ಕವೂ ಅಕ್ರಮ ಎಂದು ನಾನು ಹೇಳುತ್ತಿಲ್ಲ. ಕರಾರಿನಲ್ಲಿ ಸ್ಥಿರ ಬಡ್ಡಿ ಎಂದಿದ್ದು, ಬೇರೆ ಬ್ಯಾಂಕಿನ ಸಾಲದಿಂದ ಅದನ್ನು ತೀರಿಸುವುದಾದರೆ ಕಂಪನಿ ಶುಲ್ಕ ಕೇಳಬಹುದು. ಆದ್ದರಿಂದ ಹೊಸ ಬ್ಯಾಂಕಿಗೆ ಪ್ರೊಸೆಸಿಂಗ್ ಶುಲ್ಕ, ವಕೀಲರ ಅಭಿಪ್ರಾಯದ ಶುಲ್ಕ ಕಟ್ಟುವ ಮೊದಲೇ ಹಳೆಯ ಮಂಜೂರಾತಿ ಪತ್ರ ಮತ್ತು ಕರಾರನ್ನು ಹುಡುಕಿ ತೆಗೆದು ಬಡ್ಡಿಯ ಬಗೆಯನ್ನು ಓದಿಕೊಳ್ಳಬೇಕು. ಮಧ್ಯದಲ್ಲಿ ಟಾಪ್‌ಅಪ್ ಸಾಲ (ಗೃಹಸಾಲದ ಮೇಲೆ ಪಡೆಯುವ ಹೆಚ್ಚುವರಿ ಸಾಲ) ಪಡೆದಿದ್ದರೆ ಅದರ ಪತ್ರವನ್ನು ಪ್ರತ್ಯೇಕವಾಗಿ ನೋಡಬೇಕು; ಕ್ಯಾತ್ಸಂದ್ರದ ನನ್ನ ಪರಿಚಿತರೊಬ್ಬರ ಟಾಪ್‌ಅಪ್ ಅರ್ಜಿಯಲ್ಲಿ, ಮಗಳ ಮದುವೆಗೆಂದು ಪಡೆದ ಹಣದ ಎದುರು ಏಜೆಂಟ್ ‘ವ್ಯಾಪಾರ ವಿಸ್ತರಣೆ’ ಎಂದು ಬರೆದಿದ್ದ.

ಸಾಲ ತೀರಿದ ಬಳಿಕ ಮೂಲ ಕ್ರಯಪತ್ರ ಮತ್ತಿತರ ದಾಖಲೆಗಳನ್ನು 30 ದಿನಗಳೊಳಗೆ ಹಿಂದಿರುಗಿಸಬೇಕು, ಕಂಪನಿಯ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ನನ್ನ ಪತ್ರದಲ್ಲಿ ಇದನ್ನೂ ಉಲ್ಲೇಖಿಸಿದ್ದರಿಂದಲೋ ಏನೋ, ದಾಖಲೆಗಳು ಸಕಾಲದಲ್ಲಿ ಕೈಸೇರಿದವು. ಅಡಮಾನದ ನೋಂದಣಿ ರದ್ದಾಗಿರುವುದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಹೊಸ ಇ.ಸಿ. (ಋಣಭಾರ ಪ್ರಮಾಣಪತ್ರ) ಪಡೆದು ಖಚಿತಪಡಿಸಿಕೊಂಡೆ. ಆದರೆ ದಾಖಲೆ ಹೊರತೆಗೆದ ಖರ್ಚು ಎಂದು ಕೊನೆಯ ಪಟ್ಟಿಯಲ್ಲಿ ಸೇರಿಸಿದ್ದ 5,900 ರೂಪಾಯಿಯನ್ನು, ಹೊಸ ಬ್ಯಾಂಕಿನ ಡಿ.ಡಿ.ಯ ಮೊತ್ತ ಹೊಂದಬೇಕಾದ್ದರಿಂದ, ಆಕ್ಷೇಪಣೆಯನ್ನು ಬರೆದುಕೊಟ್ಟು ಕಟ್ಟಿದ್ದೇನೆ. ಆ ಶುಲ್ಕ ನನ್ನ ಕರಾರಿನ ಪಟ್ಟಿಯಲ್ಲಿಲ್ಲ. ಅದರ ಆಧಾರ ಕೇಳಿದ ಎರಡನೆಯ ಪತ್ರಕ್ಕೆ ಕಂಪನಿ ಇನ್ನೂ ಉತ್ತರಿಸಿಲ್ಲ.