ಇಳಿಯಬಲ್ಲದು, ಏರಲಾರದು: ವಿಂಡೋಸ್ ಎಕ್ಸ್‌ಪಿಯ ಐಡಿಇ ಡ್ರೈವರ್

ಹಳೆಯ ಸಿಡಿ, ಡಿವಿಡಿಗಳಲ್ಲಿರುವುದನ್ನು ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಲು ಇಂದಿಗೂ ಐಡಿಇ (ಡ್ರೈವುಗಳನ್ನು ಜೋಡಿಸುವ ಹಳೆಯ ಪದ್ಧತಿ) ಕೇಬಲಿನ ಕಂಪ್ಯೂಟರನ್ನೇ ನೆಚ್ಚಿಕೊಂಡಿರುವವರು ಮೊದಲು ನೋಡಬೇಕಾದದ್ದು ಡ್ರೈವಿನ ವೇಗವನ್ನಲ್ಲ, ಡೇಟಾ ವರ್ಗಾವಣೆಯ ವಿಧಾನವನ್ನು ಆರಿಸುವ ಡ್ರೈವರ್ ಎಂಬ ತಂತ್ರಾಂಶವನ್ನು.

ಎಕ್ಸ್‌ಪಿಯ ಡಿವೈಸ್ ಮ್ಯಾನೇಜರಿನಲ್ಲಿ ಸೆಕೆಂಡರಿ ಐಡಿಇ ಚಾನೆಲ್ ತೆರೆದು ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ಗೆ ಹೋದರೆ ಸಿಗುವ ಆಯ್ಕೆಗಳು ಎರಡೇ: ಸಾಧ್ಯವಿದ್ದರೆ ಡಿಎಂಎ (ಡೇಟಾ ಪ್ರೊಸೆಸರಿನ ಕೈ ಹಾಯದೆ ನೇರ ಮೆಮೊರಿಗೆ ಹೋಗುವ ವಿಧಾನ), ಇಲ್ಲವೇ ಬರೀ ಪಿಐಒ (ಪ್ರೊಸೆಸರೇ ಡೇಟಾ ಸಾಗಿಸುವ ವಿಧಾನ). ಅದರ ಕೆಳಗೆ, ಈಗ ನಿಜವಾಗಿ ಯಾವ ವಿಧಾನ ನಡೆಯುತ್ತಿದೆ ಎಂಬುದನ್ನು ಬೂದುಬಣ್ಣದ ಪೆಟ್ಟಿಗೆಯೊಂದು ತಿಳಿಸುತ್ತದೆ. ಮೇಲೆ ಡಿಎಂಎ ಆರಿಸಿದ್ದರೂ ಕೆಳಗೆ ಪಿಐಒ ಎಂದು ಕಾಣಿಸುವುದುಂಟು, ಮತ್ತು ನಂಬಬೇಕಾದದ್ದು ಕೆಳಗಿನ ಸಾಲನ್ನೇ.

ಇದಕ್ಕೆ ಕಾರಣ ಡ್ರೈವರಿನ ಲೆಕ್ಕಾಚಾರ. ಟೈಮ್‌ಔಟ್ (ಸಮಯದೊಳಗೆ ಉತ್ತರ ಬಾರದಿರುವುದು) ಅಥವಾ ಸಿಆರ್‌ಸಿ (ಸಾಗಿಸಿದ ಡೇಟಾ ಸರಿಯಿದೆಯೇ ಎಂಬ ತಪಾಸಣೆ) ದೋಷಗಳು ಒಟ್ಟು 6 ಆದೊಡನೆ ಅದು ಡಿಎಂಎ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ತಗ್ಗಿಸುತ್ತದೆ. ದೋಷಗಳು ಮುಂದುವರಿದರೆ ಪಿಐಒಗೆ ಬಂದು ಕೂರುತ್ತದೆ. ಎಣಿಕೆ ತಾನಾಗಿ ಸೊನ್ನೆಗೆ ಮರಳುವುದಿಲ್ಲವಾದ್ದರಿಂದ, ತಿಂಗಳುಗಳ ಅಂತರದಲ್ಲಿ ಹಾಕಿದ ನಾಲ್ಕಾರು ಗೀರುಬಿದ್ದ ಡಿಸ್ಕುಗಳೂ ಒಂದೇ ಖಾತೆಗೆ ಜಮೆಯಾಗುತ್ತವೆ. ಈ ತೀರ್ಪು ವಿಂಡೋಸಿನ ಸೆಟ್ಟಿಂಗುಗಳ ಕೋಶವಾದ ರಿಜಿಸ್ಟ್ರಿಯಲ್ಲಿ ಉಳಿಯುವುದರಿಂದ ರೀಸ್ಟಾರ್ಟ್ ಮಾಡಿಯೂ ಪ್ರಯೋಜನವಿಲ್ಲ. ಚಾನೆಲನ್ನೇ ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಬೇಕು; ಇಲ್ಲವೇ ಯಶಸ್ವಿ ವರ್ಗಾವಣೆಯ ನಂತರ ಎಣಿಕೆಯನ್ನು ಅಳಿಸುವಂತೆ ರಿಜಿಸ್ಟ್ರಿಯಲ್ಲಿ ಒಂದು ನಮೂದನ್ನು ಸೇರಿಸಬೇಕು. ಒಂದು ಎಚ್ಚರಿಕೆಯ ಮಾತೂ ಆಡದೆ ಡ್ರೈವರ್ ಹೀಗೆ ವೇಗ ತಗ್ಗಿಸುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಪಿಐಒ ಎಂದರೆ ಪ್ರೊಸೆಸರ್ ತಾನೇ ನಿಂತು ಎರಡೆರಡು ಬೈಟ್ ಹೊರುವ ಕೂಲಿ. 2048 ಬೈಟಿನ ಒಂದು ಸೆಕ್ಟರಿಗೆ 1024 ಸಲ ಹೊರಬೇಕು. ಪಿಐಒ 4 ಎಂಬ ಹಂತದ ಗರಿಷ್ಠ ಮಿತಿ ಸೆಕೆಂಡಿಗೆ 16.7 ಎಂಬಿ. 52 ಪಟ್ಟು ವೇಗದ ಸಿಡಿಗೆ ಬೇಕಾದದ್ದು ಸುಮಾರು 7.8 ಎಂಬಿಯಾದ್ದರಿಂದ ಕಾಗದದ ಮೇಲೆ ಅದು ಸಾಕು, ಆದರೆ ಪ್ರೊಸೆಸರಿಗೆ ಬಿಡುವಿಲ್ಲದೆ ಮೌಸ್ ತಡವರಿಸುತ್ತದೆ. 16 ಪಟ್ಟು ವೇಗದ ಡಿವಿಡಿಗೆ ಸುಮಾರು 22 ಎಂಬಿ ಬೇಕಿರುವುದರಿಂದ ಅಲ್ಲಿ ಕಾಗದದ ಮೇಲೂ ಸಾಲದು. ಡಿಎಂಎಯ ಹಂತಗಳಲ್ಲೊಂದಾದ ಯುಡಿಎಂಎ 2ರ ಮಿತಿ 33.3 ಎಂಬಿ, ಅದಕ್ಕೆ ಇನ್ನೂ ಹೆಚ್ಚಿನ ವೇಗಗಳು ಕೇಳುವ 80 ತಂತಿಯ ಕೇಬಲ್ಲೂ ಬೇಕಿಲ್ಲ.

ಲಿನಕ್ಸಿನಲ್ಲಿ ಡ್ರೈವುಗಳನ್ನು ನೋಡಿಕೊಳ್ಳುವ ತಂತ್ರಾಂಶವಾದ ಲಿಬ್‌ಎಟಿಎ ಇದೇ ಕೆಲಸವನ್ನು ಹೆಚ್ಚು ವಿವೇಕದಿಂದ ಮಾಡುತ್ತದೆ. ಅದೂ ವೇಗ ತಗ್ಗಿಸುತ್ತದೆ, ಆದರೆ ಗಣನೆಗೆ ತೆಗೆದುಕೊಳ್ಳುವುದು ಕಳೆದ 5 ಮತ್ತು 10 ನಿಮಿಷಗಳ ದೋಷಗಳನ್ನು ಮಾತ್ರ. ತಗ್ಗಿಸಿದ್ದನ್ನು ಕರ್ನಲ್ ಲಾಗಿನಲ್ಲಿ (ವ್ಯವಸ್ಥೆಯ ದಿನಚರಿಯಲ್ಲಿ) ಬರೆದಿಡುತ್ತದೆ. ಮುಂದಿನ ಬೂಟಿನಲ್ಲಿ ಹೊಸದಾಗಿ ಪರೀಕ್ಷಿಸುತ್ತದೆ. ಡೇಟಾದ ಉದ್ದವು 16 ಬೈಟಿನಿಂದ ಶೇಷವಿಲ್ಲದೆ ಭಾಗವಾಗದ ಆದೇಶಗಳಿಗೆ ಡಿಎಂಎ ಬಳಸುವುದೇ ಇಲ್ಲ, ಏಕೆಂದರೆ ಅಂಥವುಗಳ ಮುಂದೆ ಅನೇಕ ಆಪ್ಟಿಕಲ್ ಡ್ರೈವುಗಳು ಮುಗ್ಗರಿಸುತ್ತವೆ. ಇಡೀ ಡ್ರೈವನ್ನು ಶಿಕ್ಷಿಸುವ ಬದಲು ತೊಂದರೆ ಕೊಡುವ ಆದೇಶವನ್ನಷ್ಟೇ ಪಿಐಒಗೆ ಕಳಿಸುವ ಈ ಜಾಣ್ಮೆಗಾಗಿಯೇ ಡಿಸ್ಕುಗಳ ಪ್ರತಿ ತೆಗೆಯುವ ಕೆಲಸಕ್ಕೆ ನಾನು ಲಿನಕ್ಸನ್ನು ಆರಿಸುತ್ತೇನೆ. ಎಕ್ಸ್‌ಪಿಯನ್ನೇ ಬಳಸಬೇಕಾದವರು ಪ್ರತಿ ಗೀರುಬಿದ್ದ ಡಿಸ್ಕಿನ ನಂತರ ಆ ಬೂದು ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಲಿ.