ಮುಖ ಊದಿದ್ದು ಅವರ ಮಾತ್ರೆಯಿಂದ, ನನಗೆ ಮಾರಿದ್ದು ಕೊಲಾಜನ್ ಪುಡಿ: ಕೂದಲಿನ ಕ್ಲಿನಿಕ್‌ಗೆ ದುಡ್ಡು ಕಟ್ಟುವ ಮುಂಚೆ ಓದಿ

ಕೂದಲು ಉದುರುತ್ತಿದೆ ಎಂದು ಯಾವುದಾದರೂ ಕ್ಲಿನಿಕ್‌ಗೆ ಪ್ಯಾಕೇಜ್ ದುಡ್ಡು ಕಟ್ಟಲು ಹೊರಟಿದ್ದರೆ ದಯವಿಟ್ಟು ಇದನ್ನು ಓದಿ, ಆಮೇಲೆ ಹೋಗಿ. ಅದರಲ್ಲೂ ಹೆಂಗಸರು ಓದಿ. ನಾನು ಮೈಸೂರಿನವಳು, ಹೈಸ್ಕೂಲ್ ಟೀಚರ್, ವಯಸ್ಸು 38. ಮೂರು ತಿಂಗಳಲ್ಲಿ 30,500 ರೂಪಾಯಿ ಕಳೆದುಕೊಂಡೆ. ದುಡ್ಡಿಗಿಂತ ಹೊಟ್ಟೆ ಉರಿಯುತ್ತಿರುವುದು ಇನ್ನೊಂದಕ್ಕೆ. ತೊಂದರೆ ಬಂದಿದ್ದು ಅವರು ಕೊಟ್ಟ ಮಾತ್ರೆಯಿಂದ. ಅದಕ್ಕೆ ನನ್ನ ವಯಸ್ಸೇ ಕಾರಣ ಎಂದು ನನ್ನನ್ನೇ ನಂಬಿಸಿ, ಅದರ ಮೇಲೆ ಕೊಲಾಜನ್ (ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್) ಪುಡಿ ಮಾರಿದರು. ನಾನು ನಂಬಿ ಕೊಂಡೆ.

ಮೊದಲಿನಿಂದ ಹೇಳುತ್ತೇನೆ. 2024ರ ಜುಲೈನಲ್ಲಿ ನನಗೆ ಡೆಂಗಿ ಬಂತು. ಆ ವರ್ಷ ಎಷ್ಟು ಮನೆಗಳಲ್ಲಿ ಡೆಂಗಿ ಇತ್ತು ಅಂತ ನಿಮಗೂ ಗೊತ್ತು, ಸರ್ಕಾರವೇ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತ್ತು. ಹತ್ತು ದಿನ ಮಲಗಿ ಎದ್ದೆ. ಹುಷಾರಾದೆ ಅಂದುಕೊಂಡೆ. ದಸರಾ ರಜೆಯಲ್ಲಿ ಕೂದಲು ಉದುರಲು ಶುರುವಾಯಿತು. ಸುಮ್ನೆ ನಾಲ್ಕು ಕೂದಲಲ್ಲ, ತಲೆಗೆ ನೀರು ಹಾಕಿದರೆ ಬಚ್ಚಲಿನ ಜಾಲರಿ ಕಟ್ಟಿಕೊಳ್ಳುವಷ್ಟು. ಬೈತಲೆ ದಿನದಿಂದ ದಿನಕ್ಕೆ ಅಗಲವಾಗುತ್ತಿತ್ತು. ಜಡೆ ಹಿಡಿದರೆ ಅರ್ಧಕ್ಕೆ ಇಳಿದಿತ್ತು.

ನವೆಂಬರ್‌ನಲ್ಲಿ ಮೈಸೂರಿನಲ್ಲೇ ಇರುವ ಒಂದು ಕೂದಲಿನ ಕ್ಲಿನಿಕ್‌ಗೆ ಹೋದೆ. ಹೆಸರು ಇಲ್ಲಿ ಹಾಕುವುದಿಲ್ಲ, ದೂರು ನಡೆಯುತ್ತಿದೆ. ಹೆಸರಿಗಿಂತ ಅವರು ಮಾಡುವ ರೀತಿ ಗೊತ್ತಾಗುವುದು ಮುಖ್ಯ. ಇಂಥವು ಊರಿಗೆ ನಾಲ್ಕು ಇವೆ.

ಹೋದ ತಕ್ಷಣ ತಲೆಗೆ ಒಂದು ಸಣ್ಣ ಕ್ಯಾಮೆರಾ ಹಿಡಿದು ಟಿವಿಯಲ್ಲಿ ತೋರಿಸಿದರು. ನಿಮ್ಮ ನೆತ್ತಿ ಟಿವಿ ತುಂಬಾ ಕಂಡರೆ ಯಾರಿಗಾದರೂ ಭಯ ಆಗುತ್ತದೆ. ‘ನೋಡಿ ಮೇಡಂ, ಒಂದೊಂದು ರಂಧ್ರದಲ್ಲಿ ಒಂದೊಂದೇ ಕೂದಲು ಉಳಿದಿದೆ. ಇದು ಹಾರ್ಮೋನ್ ಪ್ರಾಬ್ಲಂ. ಈಗ ಬಿಟ್ಟರೆ ಒಂದು ವರ್ಷದಲ್ಲಿ ನೆತ್ತಿ ಕಾಣುತ್ತೆ’ ಅಂದಳು ಕೌನ್ಸೆಲರ್ ಹುಡುಗಿ. ಜ್ವರ ಬಂದಿತ್ತಾ ಅಂತ ಯಾರೂ ಕೇಳಲಿಲ್ಲ. ಬಿಪಿ ನೋಡಲಿಲ್ಲ. ರಕ್ತ ಪರೀಕ್ಷೆ ಬರೆಯಲಿಲ್ಲ. ಬಿಳಿ ಕೋಟು ಹಾಕಿಕೊಂಡ ಒಬ್ಬರು ಎರಡು ನಿಮಿಷ ಬಂದು ತಲೆ ಆಡಿಸಿ ಹೋದರು. ಪ್ಯಾಕೇಜ್ 32,000, ಇವತ್ತೇ ಕಟ್ಟಿದರೆ 24,000. ಕಟ್ಟಿದೆ. ಮನೆಯಲ್ಲಿ ಕೇಳಿ ಬರುತ್ತೇನೆ ಅಂತ ಹೇಳಬೇಕಿತ್ತು, ಹೇಳಲಿಲ್ಲ.

ರಾತ್ರಿ ಹಚ್ಚಲು ಒಂದು ಲೋಷನ್, ದಿನಕ್ಕೊಂದು ಮಾತ್ರೆ, ಒಂದು ಶಾಂಪೂ. ಮಾತ್ರೆ ಕಂದು ಕವರ್‌ನಲ್ಲಿ ಹಾಕಿಕೊಟ್ಟರು. ಶೀಟುಗಳನ್ನು ಕತ್ತರಿಯಲ್ಲಿ ಕತ್ತರಿಸಿದ್ದರು, ಎಲ್ಲೂ ಪೂರ್ತಿ ಹೆಸರಿಲ್ಲ. ಚೀಟಿ ಕೊಡಲಿಲ್ಲ. ಏನಿದು ಅಂತ ಕೇಳಿದ್ದಕ್ಕೆ ‘ಹೇರ್ ವಿಟಮಿನ್ ಮೇಡಂ, ನಮ್ಮದೇ ಫಾರ್ಮುಲಾ’ ಅಂದರು.

ಐದನೇ ವಾರದ ಹೊತ್ತಿಗೆ ಬೆಳಿಗ್ಗೆ ಎದ್ದರೆ ಕಣ್ಣು ಊದಿರುತ್ತಿತ್ತು. ಉಂಗುರ ಬಿಗಿಯಾಗುತ್ತಿತ್ತು. ಸಂಜೆ ಊತ ಇಳಿದ ಮೇಲೆ ಕಣ್ಣಿನ ಕೆಳಗಿನ ಚರ್ಮ ಜೋತು ಬಿದ್ದ ಹಾಗೆ ಆಗಿ, ಮೊದಲು ಇಲ್ಲದ ಸಣ್ಣ ಸಣ್ಣ ಗೆರೆ ಕಾಣುತ್ತಿತ್ತು. ಹಣೆಯ ಮೇಲೆ ಕೂದಲಿನ ಅಂಚಿನಲ್ಲಿ ಚರ್ಮ ಒಣಗಿ ಹೊಟ್ಟಿನ ಹಾಗೆ ಏಳುತ್ತಿತ್ತು. ಕಿವಿಯ ಪಕ್ಕ, ಕೆನ್ನೆಯ ಮೇಲೆ ನವಿರು ಕೂದಲು ಬಂತು. ಒಂದು ದಿನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ನೋಟ್ಸ್ ತೋರಿಸಲು ಟೇಬಲ್ ಹತ್ತಿರ ಬಂದವಳು ಮೆಲ್ಲಗೆ ‘ಮಿಸ್, ಅಳ್ತಾ ಇದ್ರಾ?’ ಅಂತ ಕೇಳಿದಳು. ಇಲ್ಲ ಪುಟ್ಟ, ನಿದ್ದೆ ಸರಿ ಇಲ್ಲ ಅಂದೆ. ಸ್ಟಾಫ್ ರೂಮಿಗೆ ಹೋಗಿ ಕನ್ನಡಿ ನೋಡಿಕೊಂಡು ನಿಜವಾಗಿಯೂ ಅತ್ತೆ.

ಅವತ್ತೇ ಕ್ಲಿನಿಕ್‌ಗೆ ವಾಟ್ಸಾಪ್ ಮಾಡಿದೆ. ಮುಖ ಊದುತ್ತಿದೆ, ಕಣ್ಣಿನ ಕೆಳಗೆ ಸುಕ್ಕು ಬಂದಿದೆ, ಮಾತ್ರೆಯಿಂದ ಇರಬಹುದಾ ಅಂತ. ಬಂದ ಉತ್ತರ: ‘ಇಲ್ಲ ಮೇಡಂ, ನಮ್ಮ ಮಾತ್ರೆಗೆ ಸೈಡ್ ಎಫೆಕ್ಟೇ ಇಲ್ಲ. ನೀರು ಜಾಸ್ತಿ ಕುಡಿಯಿರಿ.’ ಎರಡು ದಿನ ಬಿಟ್ಟು ಮತ್ತೆ ಕೇಳಿದೆ. ಫೋಟೊ ಕಳಿಸಿ ಅಂದರು. ಬೆಳಿಗ್ಗೆ ಎದ್ದ ಮುಖದ ಫೋಟೊ ಕಳಿಸಿದೆ. ಆ ಫೋಟೊ ಕಳಿಸುವಾಗಲೇ ನನಗೆ ಎಷ್ಟು ಸಂಕೋಚ ಆಗಿತ್ತು. ಅರ್ಧ ಗಂಟೆಗೆ ಫೋನ್ ಬಂತು.

‘ಮೇಡಂ, ಬೇಜಾರು ಮಾಡ್ಕೋಬೇಡಿ, ಇದು ಏಜಿಂಗ್. 35 ಆದ್ಮೇಲೆ ಎಲ್ಲರಿಗೂ ಕೊಲಾಜನ್ ಕಡಿಮೆ ಆಗುತ್ತೆ. ನಿಮಗೆ ಸ್ವಲ್ಪ ಜಾಸ್ತಿ ಆಗಿದೆ. ಕೂದಲು ಉದುರಿದ್ದೂ ಅದರಿಂದಾನೇ. ನಮ್ಮಲ್ಲಿ ಕೊಲಾಜನ್ ಪೌಡರ್, ಸೀರಮ್ ಎರಡೂ ಇದೆ. ಹಳೇ ಕಸ್ಟಮರ್‌ಗೆ 6,500ಕ್ಕೆ ಮಾಡಿಕೊಡ್ತೀವಿ.’

ಮೊದಲ ದಿನ ಹಾರ್ಮೋನ್ ಅಂದಿದ್ದರು. ಈಗ ಕೊಲಾಜನ್ ಅಂದರು. ನನಗೆ ಆ ಕ್ಷಣ ಅದು ಹೊಳೆಯಲೇ ಇಲ್ಲ. ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು, ನಿಮಗೆ ಸ್ವಲ್ಪ ಜಾಸ್ತಿ ಆಗಿದೆ, ನಿಮಗೆ ಸ್ವಲ್ಪ ಜಾಸ್ತಿ ಆಗಿದೆ. ಗೂಗಲ್ ಪೇ ಮಾಡಿದೆ. ಯಜಮಾನರಿಗೆ ಹೇಳಲಿಲ್ಲ.

ಪುಡಿ ರಾತ್ರಿ ಹಾಲಿಗೆ ಹಾಕಿಕೊಂಡು ಕುಡಿಯಬೇಕು. ಹನ್ನೊಂದು ದಿನ ಕುಡಿದೆ. ಊತ ಇಳಿಯಲಿಲ್ಲ, ಜಾಸ್ತಿ ಆಯಿತು. ಮೆಟ್ಟಿಲು ಹತ್ತಿದರೆ ಎದೆ ಡಬಡಬ ಅನ್ನಲು ಶುರುವಾಯಿತು. ಕಾಲು ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು. ಹನ್ನೆರಡನೇ ದಿನ ಅಡುಗೆಮನೆಯಲ್ಲಿ ನಮ್ಮ ಅತ್ತೆ ಆ ಡಬ್ಬ ತಿರುಗಿಸಿ ನೋಡಿ, ‘ಇದೇನಮ್ಮ, ಕಂದು ಗುರುತು ಇದೆಯಲ್ಲ?’ ಅಂದರು. ಕಂದು ಗುರುತು ಅಂದರೆ ಮಾಂಸಾಹಾರ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ಮೀನಿನ ಕೊಲಾಜನ್. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ದೇವರಿಗೆ ಹಾಲು ಕಾಯಿಸುವ ಪಾತ್ರೆಯಲ್ಲೇ ಅದನ್ನು ಕಲಸಿ ಕುಡಿದಿದ್ದೆ. ಅತ್ತೆ ಏನೂ ಬೈಯಲಿಲ್ಲ. ಪಾತ್ರೆ ತೆಗೆದು ಹೊರಗೆ ಇಟ್ಟರು. ಬೈದಿದ್ದರೇ ಚೆನ್ನಾಗಿತ್ತು. ತಿನ್ನುವವರು ತಿನ್ನಲಿ, ಅದು ಅವರಿಷ್ಟ. ಆದರೆ ಕೇಳದೇ, ಹೇಳದೇ ಕೊಡುವುದು ಯಾವ ನ್ಯಾಯ? ಈಗ ಗೊತ್ತಾಗಿದೆ, ಪುಡಿ ಮಾಡಿ ಮಾರುವ ಕೊಲಾಜನ್ ಅನ್ನುವುದೇ ಪ್ರಾಣಿಯ ಚರ್ಮ, ಮೂಳೆ, ಮೀನಿನಿಂದ ತೆಗೆಯುವ ವಸ್ತು.

ಆಗ ಮಾತ್ರೆಯ ಕವರನ್ನೂ ಸುರಿದು ಒಂದೊಂದೇ ಶೀಟು ನೋಡಿದೆ. ಒಂದರಲ್ಲಿ ಕತ್ತರಿ ಸ್ವಲ್ಪ ಓರೆಯಾಗಿ ಹೋಗಿತ್ತು. ಇಂಗ್ಲಿಷ್‌ನಲ್ಲಿ ‘ಮಿನಾಕ್ಸಿ’ ಅನ್ನುವ ತನಕ ಅಕ್ಷರ ಉಳಿದಿತ್ತು, ಪಕ್ಕದಲ್ಲಿ 2.5. ಬೀದಿ ಕೊನೆಯ ಮೆಡಿಕಲ್ ಸ್ಟೋರಿಗೆ ತೆಗೆದುಕೊಂಡು ಹೋದೆ. ಅಲ್ಲಿನ ಹುಡುಗ ಬೆಳಕಿಗೆ ಹಿಡಿದು ನೋಡಿ, ‘ಮಿನಾಕ್ಸಿಡಿಲ್ ಮೇಡಂ. ಇದು ಮೊದಲು ಬಿಪಿ ಮಾತ್ರೆ. ವಿಟಮಿನ್ ಅಲ್ಲ’ ಅಂದ.

ಎರಡು ತಿಂಗಳಿಗೂ ಜಾಸ್ತಿ, ದಿನಾ ಬಿಪಿ ಮಾತ್ರೆ ನುಂಗುತ್ತಿದ್ದೆ. ನನಗೇ ಗೊತ್ತಿಲ್ಲದೆ.

ಆ ರಾತ್ರಿ ಮೊಬೈಲ್‌ನಲ್ಲಿ ಹುಡುಕಿದೆ. ಹುಡುಕಬಾರದಿತ್ತು. ಮಿನಾಕ್ಸಿಡಿಲ್ ಮುಖದ ಕೊಲಾಜನ್ ತಿನ್ನುತ್ತದೆ, ಹತ್ತು ವರ್ಷ ವಯಸ್ಸು ಜಾಸ್ತಿ ಮಾಡುತ್ತದೆ, ಬಿಟ್ಟರೂ ಮುಖ ಮೊದಲಿನ ಹಾಗೆ ಆಗುವುದಿಲ್ಲ ಅಂತೆಲ್ಲ ಫೋಟೊ ಹಾಕಿಕೊಂಡಿದ್ದರು. ಬೆಳಗಿನ ಜಾವದ ತನಕ ಓದಿದೆ. ಬೆಳಿಗ್ಗೆ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿದೆ, ನೀವು ಕೊಟ್ಟಿದ್ದು ಮಿನಾಕ್ಸಿಡಿಲ್ ಅಲ್ವಾ?

ಅದೇ ಕೌನ್ಸೆಲರ್ ಹುಡುಗಿ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: ‘ಹೌದು ಮೇಡಂ, ಅದು ಎಲ್ಲರೂ ಕೊಡ್ತಾರೆ. ಅದರಿಂದ ಸ್ಕಿನ್‌ಗೆ ಸ್ವಲ್ಪ ಕೊಲಾಜನ್ ಲಾಸ್ ಆಗುತ್ತೆ. ಅದಕ್ಕೇ ಅಲ್ವಾ ನಿಮಗೆ ಪೌಡರ್ ಕೊಟ್ಟಿದ್ದು?’

ಈ ಮಾತು ನನಗೆ ಈಗಲೂ ನಿದ್ದೆ ಕೆಡಿಸುತ್ತದೆ. ಮಾತ್ರೆಯಿಂದ ಅಲ್ಲವೇ ಅಲ್ಲ ಎಂದವರು ಇವರೇ. ನಿಮ್ಮ ವಯಸ್ಸು ಎಂದವರು ಇವರೇ. ಈಗ ಮಾತ್ರೆಯಿಂದಲೇ, ಅದಕ್ಕೇ ಪುಡಿ ಎಂದವರೂ ಇವರೇ. ಹಾಗಿದ್ದರೆ ಅವತ್ತು ಯಾಕೆ ಹೇಳಲಿಲ್ಲ ಅಂತ ಕೇಳಿದೆ. ‘ನೀವು ಟೆನ್ಷನ್ ಮಾಡ್ಕೋತೀರಾ ಅಂತ ಮೇಡಂ.’ ಫೋನ್ ಇಟ್ಟು ಕೂತುಬಿಟ್ಟೆ. ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು ನಾನು, ಹೆಸರಿಲ್ಲದ ಮಾತ್ರೆಯನ್ನು ಅಷ್ಟು ದಿನ ನುಂಗಿದೆ.

ಫೆಬ್ರವರಿಯಲ್ಲಿ ದೊಡ್ಡಾಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋದೆ. ಬೆಳಿಗ್ಗೆ ಹೋಗಿ ಸಾಲಿನಲ್ಲಿ ನಿಂತೆ, ಚೀಟಿಗೆ ಕೊಟ್ಟಿದ್ದು ಚಿಲ್ಲರೆ ಕಾಸು. ಅಲ್ಲಿನ ಡಾಕ್ಟರಮ್ಮ ಮೊದಲು ಮಾಡಿದ ಕೆಲಸ ನನ್ನ ನಾಡಿ ಹಿಡಿದಿದ್ದು. 104 ಇತ್ತು. ಕಾಲು ಒತ್ತಿ ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: ‘ಕೂದಲು ಉದುರೋಕೆ ಮುಂಚೆ ದೊಡ್ಡ ಜ್ವರ ಏನಾದ್ರೂ ಬಂದಿತ್ತೇನಮ್ಮ?’

ಜೋರು ಜ್ವರ ಬಂದು ಎರಡು ಮೂರು ತಿಂಗಳಿಗೆ ಹೀಗೆ ಗೊಂಚಲು ಗೊಂಚಲು ಉದುರುವುದು ಸಾಮಾನ್ಯವಂತೆ. ಸಾಮಾನ್ಯವಾಗಿ ಆರು ತಿಂಗಳ ಒಳಗೆ ತಾನೇ ನಿಂತು, ಹೊಸ ಕೂದಲು ಬರುತ್ತದೆ. ನನ್ನ ಹಣೆಯ ಅಂಚಿನ ಮೋಟು ಕೂದಲು ತೋರಿಸಿ, ‘ಇದು ಹೇಗಿದ್ರೂ ಬರ್ತಿತ್ತು’ ಅಂದರು. 24,000 ರೂಪಾಯಿ ಕಟ್ಟದಿದ್ದರೂ ಬರುತ್ತಿತ್ತು.

ಮುಖದ ವಿಷಯ ಕೇಳಿದೆ. ಅದನ್ನು ಕೇಳುವಾಗ ಗಂಟಲು ಕಟ್ಟಿತು. ಅವರು ನಿಧಾನವಾಗಿ ಹೇಳಿದರು. ಮಿನಾಕ್ಸಿಡಿಲ್ ಅಮೆರಿಕದಲ್ಲಿ 1979ರಲ್ಲಿ ಜೋರು ಬಿಪಿಗೆ ಮಾತ್ರೆಯಾಗಿ ಬಂತು. ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬಂದಿದ್ದು ನೋಡಿ ತಲೆಗೆ ಹಚ್ಚುವ ಲೋಷನ್ ಮಾಡಿದರು, ಅದಕ್ಕೆ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಮಾತ್ರೆ ರಕ್ತನಾಳ ಹಿಗ್ಗಿಸುತ್ತದೆ, ಮೈಯಲ್ಲಿ ಉಪ್ಪು ನೀರು ನಿಲ್ಲುವ ಹಾಗೆ ಮಾಡುತ್ತದೆ. ಕಣ್ಣಿನ ಊತ, ಕಾಲಿನ ಗುಳಿ, ಎದೆಬಡಿತ ಎಲ್ಲ ಅದೇ. ಕೆನ್ನೆಯ ಕೂದಲೂ ಅದೇ. ಹಣೆ ಒಣಗಿದ್ದು ಲೋಷನ್‌ನಲ್ಲಿ ಇರುವ ಆಲ್ಕೋಹಾಲ್, ಪ್ರೊಪೈಲೀನ್ ಗ್ಲೈಕಾಲ್‌ನಿಂದ. ಕೊಲಾಜನ್ ಕಥೆ ಹುಟ್ಟಿದ್ದು ಪ್ರಯೋಗಾಲಯದಿಂದ. ತಟ್ಟೆಯಲ್ಲಿ ಬೆಳೆಸಿದ ಚರ್ಮದ ಜೀವಕೋಶಕ್ಕೆ ಈ ಔಷಧಿ ಹಾಕಿದಾಗ, ಕೊಲಾಜನ್ ಗಟ್ಟಿಯಾಗಲು ಬೇಕಾದ ಒಂದು ಕಿಣ್ವ ಕಡಿಮೆಯಾಗಿದ್ದು ಕಂಡಿತ್ತು. ಅದರಿಂದ ಮನುಷ್ಯರ ಮುಖ ಮುದಿಯಾಗುತ್ತದೆ ಅಂತ ಯಾರೂ ಸಾಬೀತು ಮಾಡಿಲ್ಲ. ‘ನಿಮ್ಮ ಮುಖದಲ್ಲಿ ಇರೋದು ನೀರು ಕಣಮ್ಮ, ವಯಸ್ಸಲ್ಲ’ ಅಂದರು. ಪುಡಿಯ ಬಗ್ಗೆ ಕೇಳಿದ್ದಕ್ಕೆ, ‘ಹೊಟ್ಟೆಗೆ ಹೋದ್ರೆ ಅದೂ ಬೇರೆ ಪ್ರೋಟೀನ್ ತರಾನೇ ಜೀರ್ಣ ಆಗುತ್ತೆ, ಈ ಊತಕ್ಕೂ ಅದಕ್ಕೂ ಸಂಬಂಧ ಇಲ್ಲ’ ಅಂದರು.

ಔಷಧಿಯೇ ವಿಷ ಅಂತ ನಾನು ಹೇಳುತ್ತಿಲ್ಲ, ಡಾಕ್ಟರಮ್ಮನೂ ಹೇಳಲಿಲ್ಲ. ಬೇಕಾದವರಿಗೆ, ಬಿಪಿ ನೋಡಿ, ಹೃದಯದ ತೊಂದರೆ ಇದೆಯಾ ಅಂತ ಕೇಳಿ, ಬಸುರಿ ಬಾಣಂತಿಯರಿಗೆ ಕೊಡದೆ, ಕಡಿಮೆ ಡೋಸಿನಲ್ಲಿ ಅವರೂ ಬರೆಯುತ್ತಾರಂತೆ. ಹಚ್ಚುವುದನ್ನು ಬಿಟ್ಟರೆ ಅದರಿಂದ ಬಂದ ಕೂದಲು ಕೆಲವು ತಿಂಗಳಲ್ಲಿ ಉದುರುತ್ತದೆ ಅನ್ನುವುದನ್ನೂ ಮೊದಲೇ ಹೇಳಬೇಕಂತೆ. ನನಗೆ ಇದರಲ್ಲಿ ಒಂದನ್ನೂ ಹೇಳಲಿಲ್ಲ, ಒಂದನ್ನೂ ಕೇಳಲಿಲ್ಲ.

ಅವರು ಹೇಳಿದ ಮೇಲೆ ಮಾತ್ರೆ, ಲೋಷನ್ ಎರಡೂ ನಿಲ್ಲಿಸಿದೆ. ಎರಡು ವಾರಕ್ಕೆ ಕಣ್ಣಿನ ಊತ ಇಳಿಯಿತು. ಉಂಗುರ ಸಲೀಸಾಗಿ ತಿರುಗುತ್ತದೆ. ಗೆರೆ ಮುಕ್ಕಾಲು ಹೋಗಿದೆ. ಕೆನ್ನೆಯ ಕೂದಲು ಹೋಗಲು ಇನ್ನೂ ಕೆಲವು ತಿಂಗಳು ಬೇಕಂತೆ.

ದುಡ್ಡು ವಾಪಸ್ ಕೇಳಿದೆ. ಮೊದಲ ಉತ್ತರ: ‘ಪ್ಯಾಕೇಜ್ ಓಪನ್ ಆದ್ಮೇಲೆ ರಿಫಂಡ್ ಇಲ್ಲ.’ ಎರಡನೇ ಉತ್ತರ: ‘ನೀವು ಕೋರ್ಸ್ ಪೂರ್ತಿ ಮಾಡಿಲ್ಲ, ತಪ್ಪು ನಿಮ್ಮದು.’ ಬಿಳಿ ಕೋಟಿನವರ ನೋಂದಣಿ ಸಂಖ್ಯೆ ಕೊಡಿ ಅಂದೆ. ‘ಅದು ಕಾನ್ಫಿಡೆನ್ಷಿಯಲ್.’ ಡಾಕ್ಟರರ ನೋಂದಣಿ ಸಂಖ್ಯೆ ಗುಟ್ಟಿನ ವಿಷಯವೇ ಅಲ್ಲ, ಚೀಟಿಯ ಮೇಲೆಯೇ ಇರಬೇಕು. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಯಾರು ಬೇಕಾದರೂ ವಿಚಾರಿಸಬಹುದು.

ಕೇಳಿ. ಚೀಟಿ ಇಲ್ಲದೆ, ಪೂರ್ತಿ ಹೆಸರಿನ ಶೀಟು ಇಲ್ಲದೆ ಒಂದು ಮಾತ್ರೆಯನ್ನೂ ಬಾಯಿಗೆ ಹಾಕಬೇಡಿ. ಇವತ್ತೇ ಕಟ್ಟಿದರೆ ಕಡಿಮೆ ಅಂದರೆ ಎದ್ದು ಬನ್ನಿ. ಜ್ವರ, ಬಾಣಂತನ, ಆಪರೇಷನ್ ಆಗಿ ಮೂರು ತಿಂಗಳಿಗೆ ಕೂದಲು ಉದುರಿದರೆ ಮೊದಲು ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರಿಗೆ ತೋರಿಸಿ. ಮುಖ ಊದಿದರೆ, ಎದೆ ಬಡಿದುಕೊಂಡರೆ ಮಾತ್ರೆ ಮಾರಿದವರನ್ನು ಕೇಳಬೇಡಿ, ಬೇರೆ ಡಾಕ್ಟರನ್ನು ಕೇಳಿ. ನಾನು ಮಾರಿದವರನ್ನೇ ಕೇಳಿ ಕೆಟ್ಟೆ. ಔಷಧಿಯ ಅಡ್ಡಪರಿಣಾಮ ತಿಳಿಸಲು 1800-180-3024 ಅಂತ ಒಂದು ಉಚಿತ ನಂಬರ್ ಇದೆ, ದುಡ್ಡಿನ ಮೋಸಕ್ಕೆ ಗ್ರಾಹಕರ ಸಹಾಯವಾಣಿ 1915. ನಾನು ಎರಡಕ್ಕೂ ಫೋನ್ ಮಾಡಿದ್ದೇನೆ.

ಯಜಮಾನರಿಗೆ ಎಲ್ಲ ಹೇಳಿದ್ದೇನೆ. ದೂರಿನ ಜೊತೆ ಕತ್ತರಿಸಿದ ಶೀಟುಗಳ ಫೋಟೊ, ವಾಟ್ಸಾಪ್ ಮಾತುಕತೆ, ಗೂಗಲ್ ಪೇ ರಸೀದಿ ಎಲ್ಲ ಹಾಕಿದ್ದೇವೆ. ಕ್ಲಿನಿಕ್‌ನ ನಂಬರ್ ಬ್ಲಾಕ್ ಮಾಡಬೇಡ, ಸಾಕ್ಷಿಗೆ ಬೇಕಾಗುತ್ತದೆ ಅಂದರು. ಮಾಡಿಲ್ಲ. ಮೊನ್ನೆ ಅದರಿಂದ ಒಂದು ಮೆಸೇಜ್ ಬಂತು. ಯುಗಾದಿ ಆಫರ್ ಅಂತೆ, ಕೂದಲು ಮತ್ತು ಚರ್ಮ ಎರಡೂ ಸೇರಿ 18,000. ಅದರ ಸ್ಕ್ರೀನ್‌ಶಾಟ್ ಅನ್ನೂ ದೂರಿಗೆ ಸೇರಿಸಿದ್ದೇನೆ.