ಒಂದು ಲಕ್ಷದ ಮಿತಿ ಮತ್ತು ಅದನ್ನು ಕಾಯುವ ತಂತ್ರಾಂಶ: ಆಟಗಾರರ ಹರಾಜು ಸೇವೆಯೊಂದರ ವಿಮರ್ಶೆ

ಕಾರವಾರ ತಾಲ್ಲೂಕಿನ ಕೆಲವು ಫುಟ್‌ಬಾಲ್ ತಂಡಗಳು ಸೇರಿ ನಡೆಸುವ, ತಂಡಕ್ಕೆ ಏಳು ಜನರ ಹೊನಲು ಬೆಳಕಿನ ಲೀಗ್‌ನಲ್ಲಿ ಈ ವರ್ಷ ಆಟಗಾರರ ಹರಾಜನ್ನು ಬಾಡಿಗೆ ಸೇವೆಯೊಂದಕ್ಕೆ ವಹಿಸಲಾಗಿತ್ತು. ಕರಾವಳಿಯ ಟೆನಿಸ್ ಬಾಲ್ ಕ್ರಿಕೆಟ್ ಮತ್ತು ಕಬಡ್ಡಿ ಪಂದ್ಯಾವಳಿಗಳಿಗೆ ಇಂಥ ಸೇವೆ ಒದಗಿಸುವವರು ಈಗ ಹಲವರಿದ್ದಾರೆ. ಅವರ ತಂತ್ರಾಂಶಗಳಲ್ಲಿ ಹೆಚ್ಚಿನ ವ್ಯತ್ಯಾಸವೂ ಇಲ್ಲ. ಆದ್ದರಿಂದ ಹೆಸರನ್ನು ಬಿಟ್ಟು ಸೇವೆಯ ಗುಣದೋಷಗಳನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ಸಂಜೆಯ ಬಾಡಿಗೆ 18,000 ರೂಪಾಯಿ. ತಂತ್ರಾಂಶವಿರುವ ಲ್ಯಾಪ್‌ಟಾಪ್, ಒಂದು ಎಲ್‌ಇಡಿ ಪರದೆ, ಮೈಕು ಹಿಡಿಯುವ ಹರಾಜುದಾರ ಮತ್ತು ಯೂಟ್ಯೂಬ್ ನೇರ ಪ್ರಸಾರ ಇದರಲ್ಲಿ ಸೇರಿದ್ದವು. ಜನರೇಟರ್ ಮತ್ತು ಊಟದ ವ್ಯವಸ್ಥೆ ನಮ್ಮದು. ಲೀಗ್‌ನ ಲೆಕ್ಕಪತ್ರ ನನ್ನ ಕೈಯಲ್ಲಿರುವುದರಿಂದ ಹರಾಜಿನ ಸಡಗರಕ್ಕಿಂತ ಅದರ ಹಿಂದಿರುವ ಸಂಬಳದ ಮಿತಿಯೇ ನನಗೆ ಮುಖ್ಯವಾಗಿತ್ತು. ಯಾವುದೇ ತಂಡ ಆಟಗಾರರಿಗೆಂದು ಗರಿಷ್ಠ ಒಂದು ಲಕ್ಷ ರೂಪಾಯಿ ಮಾತ್ರ ಖರ್ಚು ಮಾಡಬಹುದು ಎಂಬ ನಮ್ಮ ನಿಯಮವನ್ನು ಈ ಸೇವೆ ಎಷ್ಟರ ಮಟ್ಟಿಗೆ ಕಾಯುತ್ತದೆ ಎಂಬ ದೃಷ್ಟಿಯಿಂದಲೇ ಈ ವಿಮರ್ಶೆ.

ಮಿತಿ ಏಕೆ ಬೇಕಾಯಿತು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕೋಡಿಬಾಗ, ಬೈತಖೋಲ, ಸದಾಶಿವಗಡ, ಮಾಜಾಳಿ ಕಡೆಯ ತಂಡಗಳಿಗೆ ಹಣ ಹಾಕುವವರು ಬೋಟಿನ ಮಾಲೀಕರು, ಸಣ್ಣ ಗುತ್ತಿಗೆದಾರರು, ಹೋಟೆಲಿನವರು. ಟಿಕೆಟ್ ಮಾರಿ ಬರುವ ಆದಾಯ ಇಲ್ಲವೆಂದೇ ಹೇಳಬಹುದು. ಗಡಿ ದಾಟಿದರೆ ಗೋವಾದ ಕಾಣಕೋಣ. ಅಲ್ಲಿನ ಒಳ್ಳೆಯ ಆಟಗಾರರು ಪಂದ್ಯಕ್ಕಿಷ್ಟು ಎಂದು ಹಣ ಪಡೆದು ಇಲ್ಲಿಗೆ ಬರುವುದು ಹಳೆಯ ರೂಢಿ. ಒಂದು ತಂಡ ಇಬ್ಬರು ಮುಂಪಡೆ ಆಟಗಾರರಿಗೆ ದುಡ್ಡು ಏರಿಸಿದರೆ ಉಳಿದ ತಂಡಗಳೂ ಏರಿಸುತ್ತವೆ. ಸೋತ ತಂಡದ ಮಾಲೀಕನ ಉತ್ಸಾಹ ಅರ್ಧಕ್ಕೇ ಇಳಿದು, ಕೊನೆಗೆ ಲೈಟಿನವನ ಬಾಕಿ ಲೀಗ್‌ನ ತಲೆಗೆ ಬರುತ್ತದೆ.

ಈಗ ತಂತ್ರಾಂಶದ ವಿಷಯ. ಇದರ ಅತ್ಯುತ್ತಮ ಅಂಶವೆಂದರೆ ಪರದೆಯ ಬಲಗಡೆ ಪ್ರತಿ ತಂಡದ ಹೆಸರಿನ ಮುಂದೆ ಕಾಣುವ ಎರಡು ಅಂಕಿಗಳು: ಉಳಿದಿರುವ ಪರ್ಸ್, ಅಂದರೆ ಆಟಗಾರರನ್ನು ಕೊಳ್ಳಲು ತಂಡದ ಬಳಿ ಇರುವ ಹಣ, ಮತ್ತು ಆ ಕ್ಷಣಕ್ಕೆ ಕೂಗಬಹುದಾದ ಗರಿಷ್ಠ ಬಿಡ್. ಎರಡನೆಯದೇ ನಿಜವಾದ ಕಾವಲುಗಾರ. ಒಂದು ತಂಡದ ಬಳಿ 40,000 ರೂಪಾಯಿ ಉಳಿದಿದೆ, ಇನ್ನೂ ಆರು ಜನರನ್ನು ಕೊಳ್ಳಬೇಕಿದೆ, ಒಬ್ಬ ಆಟಗಾರನ ಮೂಲಬೆಲೆ, ಅಂದರೆ ಕೂಗು ಶುರುವಾಗುವ ಕನಿಷ್ಠ ಬೆಲೆ, 3,000 ಎಂದಿಟ್ಟುಕೊಳ್ಳೋಣ. ಈಗ ಕೂಗುತ್ತಿರುವ ಆಟಗಾರನನ್ನು ಬಿಟ್ಟು ಉಳಿದ ಐವರಿಗೆ ಕನಿಷ್ಠ 15,000 ಬೇಕೇ ಬೇಕು. ಆದ್ದರಿಂದ ತಂತ್ರಾಂಶ 25,000ಕ್ಕಿಂತ ಮೇಲಿನ ಬಿಡ್ಡನ್ನು ಸ್ವೀಕರಿಸುವುದೇ ಇಲ್ಲ, ಗುಂಡಿ ಬೂದುಬಣ್ಣಕ್ಕೆ ತಿರುಗುತ್ತದೆ. ಹಿಂದೆ ನಾವು ಇದನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮಾಡುತ್ತಿದ್ದಾಗ, ಹುರುಪಿನಲ್ಲಿ ಕೂಗಿದ ಮಾಲೀಕರಿಗೆ ಕೊನೆಯಲ್ಲಿ ಗೋಲ್‌ಕೀಪರನನ್ನು ಕೊಳ್ಳಲು ಹಣವಿಲ್ಲದೆ, ‘ಮಾಸ್ತರೇ, ಎರಡು ಸಾವಿರ ಹೆಚ್ಚು ಬಿಡಿ’ ಎಂಬ ಬೇಡಿಕೆ ಬರುತ್ತಿತ್ತು. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತಿತ್ತು. ಯಂತ್ರವೇ ‘ಆಗದು’ ಎಂದಾಗ ಯಾರಿಗೂ ಬೇಸರವಿಲ್ಲ. ಈ ಒಂದು ಕಾರಣಕ್ಕೆ ಬಾಡಿಗೆಯ ಅರ್ಧದಷ್ಟಾದರೂ ಸಾರ್ಥಕ ಎನ್ನಬಹುದು.

ಆದರೆ ತಂತ್ರಾಂಶ ಕಾಯುವುದು ಪರದೆಯ ಮೇಲಿನ ಹಣವನ್ನು ಮಾತ್ರ. ಸಂಬಳದ ಮಿತಿಯ ಗಟ್ಟಿತನ ಯಾವುದನ್ನು ಸಂಬಳವೆಂದು ಎಣಿಸುತ್ತೇವೆ ಎಂಬುದರಲ್ಲಿದೆ ಎನ್ನುವುದಕ್ಕೆ ಇಂಗ್ಲೆಂಡಿನ ಕೆಳಹಂತದ ಕ್ಲಬ್‌ಗಳ ಅನುಭವಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗದು. ಅಲ್ಲಿ 1894ರಿಂದ ಲೀಗ್‌ನಲ್ಲಿದ್ದ, ಎರಡು ಬಾರಿ ಎಫ್‌ಎ ಕಪ್ ಗೆದ್ದಿದ್ದ ಬರಿ ಎಂಬ ಕ್ಲಬ್ಬನ್ನು 2019ರ ಆಗಸ್ಟ್‌ನಲ್ಲಿ ಹಣಕಾಸಿನ ಕುಸಿತದ ಕಾರಣಕ್ಕೆ ಲೀಗ್‌ನಿಂದ ಹೊರಹಾಕಲಾಯಿತು. ಅದೇ ವರ್ಷದ ಬೇಸಿಗೆಯ ಹೊತ್ತಿಗೆ ಅದು ಮೇಲಿನ ಹಂತಕ್ಕೆ ಬಡ್ತಿ ಪಡೆದಿತ್ತು ಎಂಬುದನ್ನು ಗಮನಿಸಬೇಕು. ಮೈದಾನದಲ್ಲಿ ಗೆಲ್ಲುತ್ತಲೇ ಲೆಕ್ಕದ ಪುಸ್ತಕದಲ್ಲಿ ಮುಳುಗುವುದು ಸಾಧ್ಯವೆಂಬುದಕ್ಕೆ ಅದೊಂದು ನಿದರ್ಶನ. ಮರುವರ್ಷ ಕೋವಿಡ್‌ನಿಂದ ಕ್ರೀಡಾಂಗಣಗಳು ಖಾಲಿಯಾದಾಗ, 2020ರ ಆಗಸ್ಟ್‌ನಲ್ಲಿ ಮೂರನೆಯ ಹಂತದ ಲೀಗ್ ಒನ್‌ಗೆ ವರ್ಷಕ್ಕೆ 25 ಲಕ್ಷ ಪೌಂಡ್, ನಾಲ್ಕನೆಯ ಹಂತದ ಲೀಗ್ ಟೂಗೆ 15 ಲಕ್ಷ ಪೌಂಡ್ ಎಂಬ ಮಿತಿಯನ್ನು ಕ್ಲಬ್‌ಗಳೇ ಮತ ಹಾಕಿ ಒಪ್ಪಿಕೊಂಡವು. ಮೂಲ ಸಂಬಳದ ಜತೆಗೆ ತೆರಿಗೆ, ಬೋನಸ್, ಏಜೆಂಟರ ಶುಲ್ಕ, ನೇರವಾಗಿಯೋ ಸುತ್ತುಬಳಸಿಯೋ ಆಟಗಾರನಿಗೆ ಸಲ್ಲುವ ಇತರ ಪಾವತಿ ಎಲ್ಲವನ್ನೂ ಆ ಮಿತಿಯೊಳಗೇ ಎಣಿಸಲಾಗಿತ್ತು. ಬಡ್ತಿ ಸಿಕ್ಕಿದ್ದಕ್ಕೆ ಕೊಡುವ ಬೋನಸ್ಸನ್ನೂ 21 ವರ್ಷದೊಳಗಿನ ಆಟಗಾರರ ಸಂಬಳವನ್ನೂ ಹೊರಗಿಟ್ಟಿದ್ದರು.

ಈ ಪಟ್ಟಿಯನ್ನು ಪಕ್ಕದಲ್ಲಿಟ್ಟು ನಮ್ಮ ಬಾಡಿಗೆ ತಂತ್ರಾಂಶವನ್ನು ನೋಡಿದರೆ ತೂತುಗಳು ಕಣ್ಣಿಗೆ ರಾಚುತ್ತವೆ. ಮೊದಲನೆಯದು ಐಕಾನ್ ಆಟಗಾರ. ಹರಾಜಿಗೆ ಮುಂಚೆಯೇ ಮಾಲೀಕ ತನ್ನಲ್ಲಿ ಉಳಿಸಿಕೊಳ್ಳುವ ಈ ಆಟಗಾರನಿಗೆ ತಂತ್ರಾಂಶ ಸೊನ್ನೆ ರೂಪಾಯಿ ಬೆಲೆ ಕಟ್ಟುತ್ತದೆ. ತಂಡದಲ್ಲೇ ಅತಿ ಹೆಚ್ಚು ಹಣ ಪಡೆಯುವವನು ಮಿತಿಯ ಲೆಕ್ಕಕ್ಕೇ ಬಾರದಿದ್ದರೆ ಮಿತಿ ಇದ್ದೂ ಇಲ್ಲದಂತೆ. ಇಂಗ್ಲೆಂಡಿನ ನಿಯಮದಲ್ಲಿ, ಮಿತಿ ಜಾರಿಗೆ ಬರುವ ಮೊದಲೇ ಸಹಿಯಾಗಿದ್ದ ಹಳೆಯ ಒಪ್ಪಂದಗಳನ್ನು ಅವು ಮುಗಿಯುವ ತನಕ ಆ ಹಂತದ ಸರಾಸರಿ ಸಂಬಳದ ದರದಲ್ಲಿ ಎಣಿಸುವ ವ್ಯವಸ್ಥೆಯಿತ್ತು: ಕ್ಲಬ್‌ಗೆ ಅನ್ಯಾಯವಾಗದು, ಲೆಕ್ಕವೂ ತಪ್ಪದು. ನಾವೂ ಐಕಾನ್ ಆಟಗಾರನಿಗೆ ಹಾಗೊಂದು ಬೆಲೆ ಹಾಕಿ ಎಂದು ಕೇಳಿದಾಗ, ಸೇವೆಯವರು ಪ್ರತಿ ತಂಡದ ಪರ್ಸ್‌ನಿಂದ ಮೊದಲೇ ಒಂದು ಮೊತ್ತ ಕಳೆದು ಪರಿಹಾರ ಮಾಡಿದರು. ಕೆಲಸ ನಡೆಯಿತು, ಆದರೆ ಕೊನೆಯಲ್ಲಿ ಬಂದ ಪಿಡಿಎಫ್‌ನಲ್ಲಿ ಆ ಮೊತ್ತ ಯಾರ ಹೆಸರಿನಲ್ಲೂ ಇರಲಿಲ್ಲ, ನಾನು ಕೈಯಲ್ಲಿ ಬರೆದು ಸೇರಿಸಬೇಕಾಯಿತು.

ಎರಡನೆಯದು ಕಿರಿಯರ ವಿಷಯ. ಊರಿನ ಹುಡುಗರು ಮೈದಾನಕ್ಕೆ ಇಳಿಯಲಿ ಎಂದು ಪ್ರತಿ ತಂಡವೂ 18 ವರ್ಷದೊಳಗಿನ ನಾಲ್ವರು ಸ್ಥಳೀಯರನ್ನು ಪರ್ಸ್‌ಗೆ ಹೊರತಾಗಿ ತೆಗೆದುಕೊಳ್ಳಬೇಕೆಂದು ನಿರ್ಧರಿಸಿದ್ದೆವು. ತಂತ್ರಾಂಶಕ್ಕೆ ಮೂಲಬೆಲೆ ಒಂದೇ. ಅದು ಈ ನಾಲ್ಕು ಜಾಗಗಳಿಗೂ ತಲಾ 3,000ದಂತೆ 12,000 ರೂಪಾಯಿಯನ್ನು ಕಟ್ಟಿಟ್ಟುಕೊಂಡು, ಗರಿಷ್ಠ ಬಿಡ್ಡನ್ನು ಅಷ್ಟರಮಟ್ಟಿಗೆ ಕಡಿಮೆ ತೋರಿಸುತ್ತಿತ್ತು. ಮಾಲೀಕರಲ್ಲಿ ಒಬ್ಬರು ಲೆಕ್ಕದಲ್ಲಿ ಚುರುಕು. ಮೊದಲ ಸುತ್ತಿನಲ್ಲೇ ಎದ್ದು ನಿಂತು ಕೇಳಿದರು. ಹರಾಜನ್ನು ನಿಲ್ಲಿಸಿ, ತಂಡದ ಆಟಗಾರರ ಸಂಖ್ಯೆಯನ್ನೇ ನಾಲ್ಕು ಕಡಿಮೆ ಮಾಡಿ, ಹುಡುಗರ ಹೆಸರನ್ನು ಬೇರೆ ಕಾಗದದಲ್ಲಿ ಬರೆದುಕೊಂಡದ್ದಾಯಿತು. ಎಳೆಯರಿಗೆ ಜಾಗ ಕೊಡುವುದು ಸಂಬಳ ಮಿತಿಯ ಅತ್ಯಂತ ಒಳ್ಳೆಯ ಉಪಯೋಗಗಳಲ್ಲಿ ಒಂದು. ದುಬಾರಿ ಆಟಗಾರ ಸಿಗದ ಕ್ಲಬ್ ತನ್ನ ಅಂಗಳದ ಹುಡುಗನ ಕಡೆ ತಿರುಗಿ ನೋಡುತ್ತದೆ. ಅದಕ್ಕೆ ಅನುಕೂಲ ಮಾಡಿಕೊಡದ ತಂತ್ರಾಂಶವನ್ನು ಫುಟ್‌ಬಾಲ್‌ಗೆ ಸಿದ್ಧವಾದದ್ದು ಎಂದು ಒಪ್ಪುವುದು ಕಷ್ಟ.

ಮೂರನೆಯದು ಪರದೆಯಾಚೆಗಿನ ಹಣ: ಪೆಟ್ರೋಲು, ಬೂಟು, ಲಾಡ್ಜಿನ ಬಾಡಿಗೆ, ಗೋಲಿಗಿಷ್ಟು ಎಂಬ ಬಹುಮಾನ. ಇದನ್ನು ಹಿಡಿಯಲು ಹರಾಜಿನವರಿಂದ ಸಾಧ್ಯವಿಲ್ಲ, ಅವರನ್ನು ದೂರಿ ಪ್ರಯೋಜನವೂ ಇಲ್ಲ. ಇಂಗ್ಲೆಂಡಿನಲ್ಲಿ 1901ರಲ್ಲಿ ಒಬ್ಬ ಆಟಗಾರನಿಗೆ ವಾರಕ್ಕೆ 4 ಪೌಂಡ್ ಎಂದು ಆರಂಭವಾಗಿ 1961ರ ಹೊತ್ತಿಗೆ 20 ಪೌಂಡ್‌ಗೆ ಬಂದಿದ್ದ ಗರಿಷ್ಠ ವೇತನದ ಕಾಲದುದ್ದಕ್ಕೂ ಮೇಜಿನ ಕೆಳಗಿನ ವ್ಯವಹಾರ ನಡೆದೇ ಇತ್ತು. 1957ರಲ್ಲಿ ಸಂಡರ್‌ಲ್ಯಾಂಡ್ ಕ್ಲಬ್ ಇದೇ ಕಾರಣಕ್ಕೆ 5,000 ಪೌಂಡ್ ದಂಡ ತೆತ್ತಿತು. 1961ರಲ್ಲಿ ಆ ಮಿತಿಯನ್ನು ತೆಗೆದುಹಾಕಿದ ಬೆನ್ನಿಗೇ ಫುಲ್‌ಹ್ಯಾಮ್‌ನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆಯುವ ಮೊದಲ ಆಟಗಾರನಾದ. ಐದು ಪಟ್ಟು ಏರಿಕೆ ಒಂದೇ ಜಿಗಿತದಲ್ಲಿ ಬಂದಿತೆಂದರೆ ಅದುವರೆಗೆ ಆಟಗಾರನ ಪಾಲಿನದನ್ನು ಎಷ್ಟು ಹಿಡಿದಿಟ್ಟಿದ್ದರೆಂದು ಯಾರಾದರೂ ಊಹಿಸಬಹುದು.

ಎಲ್ಲರಿಗೂ ಒಂದೇ ಮೊತ್ತದ ಮಿತಿ ಸರಿಯೇ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. 2020ರಲ್ಲಿ ಲೀಗ್ ಒನ್‌ನಲ್ಲಿ ಅದೇ ಸಂಡರ್‌ಲ್ಯಾಂಡ್ ಇತ್ತು. ಕೋವಿಡ್‌ಗೆ ಮುಂಚೆ ಅದರ ಮನೆಯಂಗಳದ ಪಂದ್ಯಕ್ಕೆ ಸರಾಸರಿ 30 ಸಾವಿರದಷ್ಟು ಜನ ಸೇರುತ್ತಿದ್ದರು. ಅದೇ ಹಂತದಲ್ಲಿ ಆಡುತ್ತಿದ್ದ ಅಕ್ರಿಂಗ್ಟನ್ ಸ್ಟ್ಯಾನ್ಲಿಯ ಇಡೀ ಮೈದಾನ ಹಿಡಿಸುವುದೇ ಸುಮಾರು ಐದು ಸಾವಿರ ಜನರನ್ನು. ಇಬ್ಬರಿಗೂ 25 ಲಕ್ಷವೇ ಗಡಿಯೆಂದರೆ ದೊಡ್ಡ ಕ್ಲಬ್ ತಾನು ನ್ಯಾಯವಾಗಿ ಗಳಿಸಿದ್ದನ್ನೂ ಖರ್ಚು ಮಾಡುವಂತಿಲ್ಲ. ಸಣ್ಣ ಕ್ಲಬ್‌ಗೆ ಪೈಪೋಟಿಯ ಅವಕಾಶ ಸಿಗುತ್ತದೆ, ಆದರೆ ತನ್ನ ಬಳಿ ಇಲ್ಲದ ಹಣವನ್ನು ಸಾಲ ತಂದು ಸುರಿಯದಂತೆ ಆ ಗಡಿ ಅದನ್ನು ತಡೆಯುವುದಿಲ್ಲ. ಇದಕ್ಕೆ ಮುಂಚೆಯೂ ಅನಂತರವೂ ಅಲ್ಲಿ ಜಾರಿಯಲ್ಲಿದ್ದ ಇನ್ನೊಂದು ಕ್ರಮ ವಹಿವಾಟಿನ ಶೇಕಡಾವಾರು ಮಿತಿ: ಲೀಗ್ ಒನ್ ಕ್ಲಬ್ ತನ್ನ ಆದಾಯದ ಶೇ 60ರಷ್ಟನ್ನು, ಲೀಗ್ ಟೂ ಕ್ಲಬ್ ಶೇ 50ರಷ್ಟನ್ನು ಆಟಗಾರರಿಗೆ ಕೊಡಬಹುದು, ಮೀರಿದರೆ ಹೊಸ ಆಟಗಾರರ ನೋಂದಣಿಗೆ ತಡೆ. ಅದರಲ್ಲಿ ಮಾಲೀಕ ದಾನವಾಗಿಯೋ ಷೇರು ಬಂಡವಾಳವಾಗಿಯೋ ಹಾಕಿದ ಹಣವೂ ಆದಾಯವೆಂದೇ ಪರಿಗಣಿತವಾಗುತ್ತಿತ್ತು. ಹೀಗಾಗಿ ಶ್ರೀಮಂತ ಮಾಲೀಕನಿರುವ ಕ್ಲಬ್‌ಗೆ ಕಿಟಕಿ ತೆರೆದೇ ಇತ್ತು. ನನ್ನ ಅಭಿಪ್ರಾಯದಲ್ಲಿ ಸಮಾನ ಮೊತ್ತದ ಮಿತಿ ಪಂದ್ಯವನ್ನು ಕಾಯುತ್ತದೆ, ಶೇಕಡಾವಾರು ಮಿತಿ ಕ್ಲಬ್ಬನ್ನು ಕಾಯುತ್ತದೆ, ಕೆಳಹಂತದಲ್ಲಿ ಎರಡೂ ಬೇಕು.

ಈ ದೃಷ್ಟಿಯಿಂದ ನೋಡಿದಾಗ ಸೇವೆಯಲ್ಲಿ ಅಡಗಿದ್ದ ಒಂದು ಸೌಲಭ್ಯ ನನಗೆ ಬಹಳ ಹಿಡಿಸಿತು, ಸೇವೆಯವರು ಮಾತ್ರ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಸೆಟ್ಟಿಂಗ್‌ನಲ್ಲಿ ಪ್ರತಿ ತಂಡಕ್ಕೂ ಬೇರೆ ಬೇರೆ ಪರ್ಸ್ ಇಡಲು ಬರುತ್ತದೆ. ತಂಡ ಹರಾಜಿಗೆ ಮುಂಚೆ ಲೀಗ್‌ನ ಖಾತೆಗೆ ಕಟ್ಟಿದ ಠೇವಣಿ ಎಷ್ಟೋ ಅಷ್ಟೇ ಅದರ ಪರ್ಸ್, ಮೇಲ್ಮಿತಿ ಒಂದು ಲಕ್ಷ ಎಂದು ಮಾಡಿದರೆ, 60,000 ಕಟ್ಟಿದವನು 60,000ಕ್ಕೇ ನಿಲ್ಲುತ್ತಾನೆ. ಕೈಯಲ್ಲಿಲ್ಲದ ಹಣವನ್ನು ಕೂಗಲು ದಾರಿಯೇ ಇರುವುದಿಲ್ಲ, ಆಟಗಾರನಿಗೂ ತನ್ನ ಹಣ ಬರುವ ಖಾತರಿ ಇರುತ್ತದೆ. ಮುಂದಿನ ವರ್ಷಕ್ಕೆ ಈ ನಿಯಮವನ್ನು ಸಭೆಯ ಮುಂದಿಟ್ಟಿದ್ದೇನೆ. ಇಬ್ಬರು ಮಾಲೀಕರ ಮುಖ ಅಷ್ಟಾಗಿ ಅರಳಲಿಲ್ಲ.

ಹರಾಜುದಾರನ ಬಗ್ಗೆ ಎರಡು ಮಾತು. ಕನ್ನಡ, ಕೊಂಕಣಿ ಎರಡರಲ್ಲೂ ನಿರರ್ಗಳ, ತಪ್ಪಿ ಬೇರೆ ತಂಡಕ್ಕೆ ಒತ್ತಿದ ಒಂದು ಬಿಡ್ಡನ್ನು ಕ್ಷಣದಲ್ಲೇ ಹಿಂದಕ್ಕೆ ತಂದ ಜಾಣ. ಆದರೆ ಮಾತಿನ ಭರದಲ್ಲಿ ಸಭೆಯನ್ನು ಬೈತಖೋಲ ಬಂದರಿನ ಮೀನಿನ ಹರಾಜಿನಂತೆ ನಡೆಸಿಬಿಟ್ಟ. ಯಾರೂ ಕೊಳ್ಳದ ಆಟಗಾರನ ಭಾವಚಿತ್ರದ ಮೇಲೆ ಕೆಂಪಕ್ಷರದಲ್ಲಿ ‘ಅನ್‌ಸೋಲ್ಡ್’ ಎಂಬ ಮುದ್ರೆ ಬಿದ್ದು, ಅದು ಯೂಟ್ಯೂಬ್‌ನಲ್ಲೂ ಹರಿದುಹೋಗುತ್ತಿತ್ತು. ಎದುರು ಸಾಲಿನಲ್ಲಿ ಆ ಹುಡುಗ ಅಣ್ಣನ ಜತೆ ಕುಳಿತಿದ್ದ. ನಾವು ಹೇಳಿದ ಮೇಲೆ ಮುದ್ರೆಯನ್ನು ತೆಗೆದರು, ನೇರ ಪ್ರಸಾರದಲ್ಲಿ ಆ ಭಾಗವನ್ನು ಬಿಟ್ಟರು. ತಾವಾಗಿಯೇ ಮಾಡಬೇಕಿದ್ದ ಕೆಲಸವದು.

ಆಟಗಾರರನ್ನು ಕೇಳದೆ ಮಾಡಿದ ಮಿತಿ ನಿಲ್ಲುವುದಿಲ್ಲ ಎಂಬುದೂ ಇಂಗ್ಲೆಂಡಿನಲ್ಲಿ ಸಾಬೀತಾದ ಸಂಗತಿಯೇ. 2020ರ ಮಿತಿಯನ್ನು ಆಟಗಾರರ ಸಂಘ ಪ್ರಶ್ನಿಸಿತು. ಸಂಘದೊಂದಿಗೆ ನಡೆಸಬೇಕಿದ್ದ ಸಮಾಲೋಚನೆ ವಿಧಿವತ್ತಾಗಿ ನಡೆದಿಲ್ಲವೆಂಬ ವಾದ ಗೆದ್ದು, 2021ರ ಫೆಬ್ರವರಿಯಲ್ಲಿ ಮಧ್ಯಸ್ಥಿಕೆ ಮಂಡಳಿ ಆ ಮಿತಿ ಕಾನೂನುಬದ್ಧವಲ್ಲ ಎಂದು ತೀರ್ಪಿತ್ತಿತು. ಆರು ತಿಂಗಳು ಸಂದಿತ್ತಷ್ಟೇ. ಕ್ಲಬ್‌ಗಳು ಮತ್ತೆ ಶೇಕಡಾವಾರು ಪದ್ಧತಿಗೆ ಮರಳಿದವು. ನಮ್ಮಲ್ಲಿ ಕೋರ್ಟು ಕಚೇರಿ ಇಲ್ಲ, ಆದರೆ ಬೇಸರಗೊಂಡ ಆಟಗಾರನಿಗೆ ಅರ್ಧ ಗಂಟೆಯ ದೂರದಲ್ಲಿ ಮಿತಿಯಿಲ್ಲದ ಗೋವಾ ಪಂದ್ಯಾವಳಿಗಳಿವೆ. ಈ ವರ್ಷ ಕಾಣಕೋಣದ ಇಬ್ಬರು ಒಳ್ಳೆಯ ಆಟಗಾರರು ಹೆಸರನ್ನೇ ಕೊಡಲಿಲ್ಲ. ಮಿತಿ ನಮ್ಮ ಲೀಗ್‌ನ ಬೇಲಿಯೊಳಗೆ ಮಾತ್ರ ಸಲ್ಲುವುದರಿಂದ, ಅವರನ್ನು ಉಳಿಸಿಕೊಳ್ಳಲು ಹಣವನ್ನು ಪಂದ್ಯ ಮುಗಿದ ರಾತ್ರಿಯೇ ಕೊಡುವಂಥ ಬೇರೆ ಆಕರ್ಷಣೆಗಳನ್ನು ಯೋಚಿಸಬೇಕಾಗಿದೆ.

ಸೇವೆಯನ್ನು ಬಾಡಿಗೆಗೆ ತೆಗೆದುಕೊಳ್ಳಬಹುದೇ ಎಂದರೆ, ನಿಯಮಗಳನ್ನು ಮೊದಲೇ ಬರೆದಿಟ್ಟುಕೊಂಡಿರುವ ಲೀಗ್‌ಗಳು ಧಾರಾಳವಾಗಿ ತೆಗೆದುಕೊಳ್ಳಬಹುದು. ಐಕಾನ್ ಆಟಗಾರನ ಬೆಲೆ, ಕಿರಿಯರ ಜಾಗ, ತಂಡವಾರು ಪರ್ಸ್, ಗಾಯಗೊಂಡವನ ಬದಲಿಗೆ ಬರುವವನ ಹಣ ಯಾವ ಲೆಕ್ಕಕ್ಕೆ ಎಂಬುದನ್ನು ಹರಾಜಿಗೆ ಒಂದು ವಾರ ಮೊದಲೇ ಅವರಿಗೆ ಕಳುಹಿಸಿ, ಲ್ಯಾಪ್‌ಟಾಪಿನಲ್ಲಿ ಒಮ್ಮೆ ನಡೆಸಿ ತೋರಿಸುವಂತೆ ಕೇಳಿ. ಬದಲಿ ಆಟಗಾರನ ಲೆಕ್ಕ ಈ ತಂತ್ರಾಂಶದಲ್ಲಿ ಇಲ್ಲವೇ ಇಲ್ಲ. ಹರಾಜು ಮುಗಿದರೆ ಕಡತ ಮುಚ್ಚುತ್ತದೆ, ಮುಂದಿನದು ನಮ್ಮ ನೋಟ್‌ಬುಕ್ಕೇ. ಆಟಗಾರರ ಹೆಸರು ಇಂಗ್ಲಿಷಿನಲ್ಲಿ ಮಾತ್ರ ಮೂಡುತ್ತದೆ ಎಂಬುದೂ ತಿಳಿದಿರಲಿ. ಡಿಸೆಂಬರ್, ಜನವರಿಯ ಶನಿವಾರಗಳನ್ನು ಕ್ರಿಕೆಟ್‌ನವರು ದೀಪಾವಳಿಗೆ ಮುಂಚೆಯೇ ಹಿಡಿದಿಟ್ಟುಕೊಳ್ಳುತ್ತಾರೆ. ವಾರದ ನಡುವಿನ ದಿನವಾದರೆ ಬಾಡಿಗೆಯಲ್ಲಿ ಎರಡು ಸಾವಿರ ಬಿಡಲು ಅವರು ತಕರಾರು ಮಾಡಲಿಲ್ಲ.